ಹೇಳದೆ ಕೇಳದೆ ಕಿತ್ತ ಡ್ರೈವ್

ಅತ್ತಿಗೆ ತನ್ನನ್ನು ಬಹುವಚನದಲ್ಲಿ ಮಾತಾಡಿಸಿದರೆ ಏನೋ ಎಡವಟ್ಟಾಗಿದೆ ಎಂಬುದು ಮೈದುನನಿಗೆ ಹತ್ತು ವರ್ಷದಿಂದ ಗೊತ್ತಿದ್ದ ಸಂಗತಿ. ಬೇರೆ ದಿನಗಳಲ್ಲಿ "ಬಾರೋ, ತಿನ್ನೋ, ನಿನ್ನ ತಲೆ" ಎನ್ನುವ ಅವರು ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ, "ನಮಸ್ಕಾರ ಮೇಷ್ಟ್ರೇ, ತಾವು ಎದ್ದಿದ್ದೀರಾ?" ಎಂದರು. ಹಲ್ಲುಜ್ಜುತ್ತಿದ್ದ ಮೈದುನ ನೊರೆ ನುಂಗಿಯೇ ಬಿಟ್ಟ.

"ಏನಾಯ್ತು ಅತ್ತಿಗೆ?"

"ಏನೂ ಆಗ್ತಿಲ್ಲಪ್ಪ, ಅದೇ ತೊಂದರೆ. ಫೋಟೋ ಡ್ರೈವನ್ನ ಲ್ಯಾಪ್‌ಟಾಪಿಗೆ ಚುಚ್ಚಿ ಅರ್ಧ ಗಂಟೆ ಆಯ್ತು. ತಮ್ಮ ಸ್ವತಂತ್ರ ತಂತ್ರಾಂಶ ತುಂಬಾ ಸ್ವತಂತ್ರವಾಗಿದೆ. ನನ್ನ ಮಾತು ಕೇಳ್ತಾನೇ ಇಲ್ಲ."

ಮೈದುನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ. ಪೆಂಗ್ವಿನ್ ಗುರುತಿನ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶ ಅವನಿಗೆ ಹಿಡಿದಿದ್ದ ಹುಚ್ಚು. ಯಾರ ಮನೆಗೆ ಹೋದರೂ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನೆಂಟರು ತಮ್ಮ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿ ಬಚ್ಚಿಡುವ ಮಟ್ಟಕ್ಕೆ ಹೋಗಿದ್ದರು. ಅವನ ಕೈಗೆ ಕೊನೆಗೂ ಸಿಕ್ಕಿದ್ದು ಅತ್ತಿಗೆ ಒಬ್ಬರೇ. ಅವರ ಅಂಗಡಿಯ ಲ್ಯಾಪ್‌ಟಾಪು ತೆರೆದುಕೊಳ್ಳಲು ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿದ್ದುದರಿಂದ, "ಇದಕ್ಕಿಂತ ಕೆಡೋದೇನಿದೆ, ಮಾಡ್ಕೋ" ಎಂದು ಹಿಂದಿನ ಭಾನುವಾರ ಒಪ್ಪಿಕೊಂಡಿದ್ದರು. ಅವನು ಹಳೆಯ ಸಿಸ್ಟಮ್ಮನ್ನು ಗುಡಿಸಿ ಹಾಕಿ ಲಿನಕ್ಸ್ ಕೂರಿಸಿದ್ದ. ಅಂದಿನಿಂದ ಅದು ಇಪ್ಪತ್ತು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತಿತ್ತು. ಮೈದುನ ಆ ಇಪ್ಪತ್ತು ಸೆಕೆಂಡಿನ ವಿಷಯವನ್ನು ವಾರವೆಲ್ಲ ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದ.

ಮುಖ ತೊಳೆದವನೇ ಸೈಕಲ್ ಹತ್ತಿದ.

ಅತ್ತಿಗೆಯದು ಗಡಿಯಾರ ರಿಪೇರಿ ಅಂಗಡಿ. ಅಪ್ಪನಿಂದ ಬಂದದ್ದು. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು, ಅಷ್ಟು ಕಿರಿದು. ಅವತ್ತು ಮಾತ್ರ ಒಬ್ಬರು ನಿಲ್ಲಲೂ ಜಾಗವಿರಲಿಲ್ಲ. ನೆಲದ ತುಂಬ ಬಿಳಿ ಹಾಸು. ಅದರ ಮೇಲೆ ಹಲ್ಲುಚಕ್ರಗಳು, ಅಚ್ಚುಗಳು, ಸನ್ನೆಗಳು, ಮೊಟ್ಟೆ ತುಂಬುವ ರಟ್ಟಿನ ತಟ್ಟೆಗಳಲ್ಲಿ ತಿರುಪುಗಳು, ಡಬ್ಬಿಯ ಮುಚ್ಚಳಗಳಲ್ಲಿ ಮೊಳೆಗಳು. ಮಾರುಕಟ್ಟೆ ಕಟ್ಟಡದ ಗೋಪುರದ ಗಡಿಯಾರ ಹೀಗೆ ತನ್ನ ಕರುಳನ್ನೆಲ್ಲ ಹೊರಗೆ ಚೆಲ್ಲಿಕೊಂಡು ಮಲಗಿತ್ತು. ಅದು ನಿಂತು ಮೂರು ವರ್ಷವಾಗಿತ್ತು. ಕಟ್ಟಡಕ್ಕೆ ಬಣ್ಣ ಬಳಿಯಲು ಸಾರುವೆ ಕಟ್ಟಿದ್ದಾರೆ, ಮುಳ್ಳು ಕೂರಿಸಲು ಹೊರಗಿನಿಂದ ಹತ್ತಲೇಬೇಕು, ಆದ್ದರಿಂದ ಮಾಡಿಸುವುದಿದ್ದರೆ ಈಗಲೇ ಎಂದು ಅತ್ತಿಗೆ ಮಾರುಕಟ್ಟೆಯವರ ಬೆನ್ನು ಬಿದ್ದು ಈ ಕೆಲಸ ಹಿಡಿದಿದ್ದರು.

"ಸಾರುವೆ ಇವತ್ತು ಸಂಜೆ ಬಿಚ್ತಾರಂತೆ," ಎಂದರು ಅತ್ತಿಗೆ. ಒಂದು ಕಣ್ಣಿಗೆ ಕಚ್ಚಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಅವನನ್ನು ನೋಡಿದರು. "ಪೇಂಟರ್ ಮೇಸ್ತ್ರಿ ಎರಡು ಸಲ ಫೋನ್ ಮಾಡಾಯ್ತು. ಸೋಮವಾರ ಅವರಿಗೆ ಬೇರೆ ಕಡೆ ಕೆಲಸ. ನಾಲ್ಕು ಗಂಟೆಯೊಳಗೆ ಇದನ್ನ ಮೇಲೇರಿಸಬೇಕು. ಜೋಡಿಸೋಕೆ ಫೋಟೋ ಬೇಕು. ಫೋಟೋ ಎಲ್ಲ ಡ್ರೈವಲ್ಲಿದೆ. ಡ್ರೈವು ಬಾಯಿ ಬಿಡ್ತಿಲ್ಲ. ಇನ್ನು ನೀವುಂಟು, ನಿಮ್ಮ ಪೆಂಗ್ವಿನ್ ಉಂಟು."

ಅತ್ತಿಗೆ ಯಾವ ಗಡಿಯಾರ ಬಿಚ್ಚಿದರೂ ಒಂದೊಂದು ಭಾಗ ತೆಗೆಯುವ ಮುಂಚೆ ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳುತ್ತಿದ್ದರು. ಈ ಗಡಿಯಾರದ್ದೇ ಇನ್ನೂರ ಹನ್ನೆರಡಿದ್ದವು.

ಮೈದುನ ಬಾಗಿಲ ಹತ್ತಿರ ಸ್ಟೂಲು ಎಳೆದುಕೊಂಡು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡ. "ಗಾಬರಿ ಬೇಡ ಅತ್ತಿಗೆ. ಲಿನಕ್ಸ್‌ನಲ್ಲಿ ಒಂದು ಒಳ್ಳೇದೇನು ಅಂದ್ರೆ, ಇದು ಏನನ್ನೂ ಮುಚ್ಚಿಡಲ್ಲ. ಏನಾಯ್ತು ಅಂತ ಎಲ್ಲ ಬರೆದಿಟ್ಟಿರುತ್ತೆ."

"ಬರೆದಿಟ್ಟು ಯಾರಿಗೆ ಹೇಳುತ್ತೆ?"

"ಕೇಳಿದವರಿಗೆ."

"ನಾನು ಬೆಳಿಗ್ಗೆಯಿಂದ ಕೇಳ್ತಿದ್ದೀನಿ."

"ಹಾಗಲ್ಲ ಅತ್ತಿಗೆ, ಅದರ ಭಾಷೇಲಿ ಕೇಳ್ಬೇಕು." ಅವನು ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಟಪಟಪ ಕುಟ್ಟಿದ. ಯಂತ್ರದ ದಿನಚರಿ ಸಾಲುಸಾಲಾಗಿ ಬಿಚ್ಚಿಕೊಂಡಿತು. ಹೊಸ ಸಾಧನ ಸಿಕ್ಕಿತು. ಸಾಧನ ಹೋಯಿತು. ಹೊಸ ಸಾಧನ ಸಿಕ್ಕಿತು. ವಿಳಾಸ ಒಪ್ಪಿಕೊಳ್ಳುತ್ತಿಲ್ಲ. ಸಾಧನ ಹೋಯಿತು. ಅದೇ ಪಲ್ಲವಿ ಎಪ್ಪತ್ತು ಎಂಬತ್ತು ಸಲ. ಮೈದುನ ತಲೆ ಕೆರೆದುಕೊಂಡ. ಕರ್ನಲ್ಲಿನ ಯಾವ ಆವೃತ್ತಿ, ಡ್ರೈವಿನ ಚಿಪ್ಪು ಯಾವುದು, ಇದಕ್ಕೇನಾದರೂ ವಿಶೇಷ ಸೂಚನೆ ಬೇಕೇ ಎಂದು ಫೋನಿನಲ್ಲಿ ಹುಡುಕತೊಡಗಿದ. ಯಾವುದೋ ಚರ್ಚಾಕಟ್ಟೆಯಲ್ಲಿ ನಾಲ್ಕು ಜನ ಇದೇ ವಿಷಯಕ್ಕೆ ಆರು ವರ್ಷದಿಂದ ಜಗಳವಾಡುತ್ತಿದ್ದರು. ಅದನ್ನು ಓದುತ್ತ ಅವನು ಕಾಲು ಗಂಟೆ ಕಳೆದ.

ಅತ್ತಿಗೆ ಅಷ್ಟರಲ್ಲಿ ಎದ್ದು ಬಂದು ಡ್ರೈವನ್ನು ಕಿವಿಗೆ ಹಿಡಿದರು.

"ಅದು ಕೇಳೋ ವಸ್ತುವಲ್ಲ ಅತ್ತಿಗೆ."

"ಶ್." ಅವರು ಕಣ್ಣು ಮುಚ್ಚಿದರು. "ಸುತ್ತೋಕೆ ಹೊರಡುತ್ತೆ... ಏಳುತ್ತೆ, ಏಳುತ್ತೆ... ಟಿಕ್. ಬಿತ್ತು. ಮತ್ತೆ ಏಳುತ್ತೆ... ಟಿಕ್. ಬಿತ್ತು. ಲೋ, ಇದಕ್ಕೆ ರೋಗ ಏನಿಲ್ಲ. ಇದಕ್ಕೆ ಹಸಿವು. ಸ್ಪ್ರಿಂಗ್ ಸಡಿಲಾದ ಗಡಿಯಾರ ಹೀಗೇ ಮಾಡೋದು. ಎದ್ದು ಎರಡು ಹೆಜ್ಜೆ ಇಟ್ಟು ಕೂತ್ಕೊಳ್ಳುತ್ತೆ. ಇದಕ್ಕೆ ಕರೆಂಟ್ ಎಲ್ಲಿಂದ?"

ಮೈದುನ ತಂತಿಯ ಜಾಡು ಹಿಡಿದು ಹೋದ. ಡ್ರೈವಿನ ತಂತಿ ಲ್ಯಾಪ್‌ಟಾಪಿಗೆ ಹೋಗಿರಲಿಲ್ಲ, ಒಂದು ತೂತನ್ನು ನಾಲ್ಕು ಮಾಡಿಕೊಡುವ ಪುಟ್ಟ ಯುಎಸ್‌ಬಿ ಹಬ್ಬಿಗೆ ಹೋಗಿತ್ತು. ಅದೇ ಹಬ್ಬಿನಲ್ಲಿ ಮೇಜಿನ ದೀಪ, ಅಂಗೈಯಗಲದ ಫ್ಯಾನು, ಚಾರ್ಜಿಗಿಟ್ಟ ಫೋನು. ಮೂವರೂ ಸೇರಿ ಡ್ರೈವಿನ ಪಾಲನ್ನು ತಿಂದು ತೇಗುತ್ತಿದ್ದರು. ಆ ಹಬ್ಬನ್ನು ಹೋದ ಭಾನುವಾರ "ಎಲ್ಲ ಒಂದೇ ಕಡೆ, ಅಚ್ಚುಕಟ್ಟು" ಎಂದು ತಂದು ಕೂರಿಸಿದ್ದೂ ಅವನೇ. ಅತ್ತಿಗೆ ಹಬ್ಬನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಜಿರಳೆಯಂತೆ ಅವನ ಕಣ್ಣ ಮುಂದೆ ತೂಗಾಡಿಸಿ ಪಕ್ಕಕ್ಕಿಟ್ಟರು. ಆಮೇಲೆ ತಂತಿಯ ತುದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು, "ಒಳಗಿನ ನಾಲಿಗೆ ಒಂದು ಬಾಗಿದೆ, ಇದೂ ಬೇಡ," ಎಂದು ಮೇಜಿನ ಡ್ರಾಯರಿನಿಂದ ಗೇಣುದ್ದದ ಬೇರೆ ತಂತಿ ತೆಗೆದುಕೊಟ್ಟರು.

ನೇರ ಲ್ಯಾಪ್‌ಟಾಪಿಗೇ ಚುಚ್ಚಿದಾಗ ಡ್ರೈವು ಜುಂ ಎಂದು ಸುತ್ತತೊಡಗಿ ಸುತ್ತುತ್ತಲೇ ಉಳಿಯಿತು. ಮೈದುನ ಪಟ್ಟಿ ನೋಡಿದ. ಬಂದಿತ್ತು! ಅದರ ಅಳತೆ, ಅದರೊಳಗಿನ ಒಂದೇ ಭಾಗ, ಎಲ್ಲ.

"ಸಿಕ್ತು ಅತ್ತಿಗೆ! ನೋಡಿ, ಎಸ್‌ಡಿಬಿ ಒಂದು!"

"ಯಾರಪ್ಪ ಅದು?"

"ನಿಮ್ಮ ಡ್ರೈವೇ. ಇಲ್ಲಿ ಅದರ ಹೆಸರು ಹಾಗೆ."

"ನನ್ನ ಡ್ರೈವಿಗೆ ನನ್ನನ್ನ ಕೇಳದೆ ಹೆಸರಿಟ್ಟಿದ್ದೀರಿ. ಇರಲಿ. ಫೋಟೋ ತೋರಿಸಿ."

ಮೈದುನ ಉಬ್ಬಿದ ಎದೆಯಿಂದಲೇ ಡ್ರೈವಿನ ಚಿತ್ರದ ಮೇಲೆ ಒತ್ತಿದ. ಫೋಟೋಗಳ ಬದಲು ಒಂದು ಸಣ್ಣ ಪೆಟ್ಟಿಗೆ ತೆರೆದು ಬಂತು. ಜೋಡಿಸಲಾಗಲಿಲ್ಲ. ಡಿಸ್ಕಿನ ಕಡತವ್ಯವಸ್ಥೆ ಶುಚಿಯಾಗಿಲ್ಲ.

ಅತ್ತಿಗೆ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಏನಂತೆ?"

"ಶುಚಿಯಾಗಿಲ್ಲ ಅಂತಿದೆ."

"ನಾನು ದಿನಾ ಒರೆಸ್ತೀನಲ್ಲೋ ಅದನ್ನ! ಒಂದು ಧೂಳಿಲ್ಲ!"

ಮೈದುನನಿಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆಯಿಂದ ಪೆಟ್ಟು ತಿಂದವನಿಗೆ ಪಾಠ ಹೇಳುವ ಅವಕಾಶವೊಂದು ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಗಂಟಲು ಸರಿಮಾಡಿಕೊಂಡ. "ಆ ಶುಚಿ ಅಲ್ಲ ಅತ್ತಿಗೆ. ನೋಡಿ, ನಾವು ಡ್ರೈವಿಗೆ ಏನಾದ್ರೂ ಹಾಕಿದಾಗ ಕಂಪ್ಯೂಟರು ತಕ್ಷಣ ಎಲ್ಲ ಬರೆಯಲ್ಲ. ಸ್ವಲ್ಪ ಕೈಯಲ್ಲಿಟ್ಕೊಂಡು, ಪುರುಸೊತ್ತು ಮಾಡ್ಕೊಂಡು ಬರೆಯುತ್ತೆ. ಅದಕ್ಕೇ ತೆಗೆಯೋ ಮುಂಚೆ 'ತೆಗೀತೀನಿ' ಅಂತ ಒಂದು ಮಾತು ಹೇಳ್ಬೇಕು. ಅದು ಬಾಕಿಯೆಲ್ಲ ಬರೆದು, 'ಆಯ್ತು, ತೆಗಿ' ಅಂದ ಮೇಲೆ ತೆಗೀಬೇಕು. ಹೇಳದೆ ಕೇಳದೆ ಕಿತ್ತರೆ ಹೀಗಾಗುತ್ತೆ. ಮಕ್ಕಳಿಗೂ ಗೊತ್ತಿರೋ ವಿಷಯ. ನನ್ನ ಏಳನೇ ತರಗತಿಯವರು ಕೂಡ ಕೀಳಲ್ಲ."

"ಓಹೋ," ಎಂದರು ಅತ್ತಿಗೆ. "ಹಾಗಾದ್ರೆ ಇದನ್ನ ಯಾರೋ ಹಾಗೆ ಕಿತ್ತಿದ್ದಾರೆ."

"ಯಾರೋ ಅಂದ್ರೆ... ಬೈಕೋಬೇಡಿ ಅತ್ತಿಗೆ, ನೀವೇ ಇರ್ಬೇಕು. ಅಭ್ಯಾಸ ಇಲ್ದೆ ಇರೋರು ಎಲ್ಲರೂ ಮಾಡ್ತಾರೆ."

"ಇರಬಹುದಪ್ಪ," ಎಂದು ಅತ್ತಿಗೆ ಸೌಮ್ಯವಾಗಿ ಹೇಳಿ, ಹಿಂದಿನ ಗೂಡಿನಲ್ಲಿದ್ದ ಸ್ಟವ್ ಹಚ್ಚಿ ಟೀಗೆ ನೀರಿಟ್ಟರು.

ಆ ಸೌಮ್ಯತೆಯೇ ಮೈದುನನಿಗೆ ಮುಳ್ಳಾಯಿತು. ಅತ್ತಿಗೆ ಅಷ್ಟು ಸುಲಭಕ್ಕೆ ಸೋಲುವವರಲ್ಲ. ಅವನು ಹೋದ ಭಾನುವಾರವನ್ನು ನೆನೆದುಕೊಂಡ. ಬೆಳಿಗ್ಗೆ ಗಡಿಯಾರದ ಕೊನೆಯ ಭಾಗಗಳನ್ನು ಅತ್ತಿಗೆ ಬಿಚ್ಚುವಾಗ ಟಾರ್ಚು ಹಿಡಿದದ್ದು. ಮಧ್ಯಾಹ್ನ ಅವರ ಫೋನಿನ ಫೋಟೋಗಳನ್ನು ಡ್ರೈವಿಗೆ ಸಾಗಿಸಿದ್ದು. ನಕಲು ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ತುದಿ ಮುಟ್ಟಿದ್ದು. ಅಷ್ಟರಲ್ಲಿ ಹೊರಗೆ ಯಾರೋ ಅವನ ಸೈಕಲ್ಲಿಗೆ ಗಾಡಿ ತಾಗಿಸಿ ಬೀಳಿಸಿದ್ದು. "ಏಯ್!" ಎಂದು ಕೂಗುತ್ತ ಎದ್ದದ್ದು. ಏಳುವಾಗ...

ಏಳುವಾಗ ಎಡಗೈಯಲ್ಲಿ ಡ್ರೈವನ್ನು ಸರಕ್ಕನೆ ಕಿತ್ತು, ಬಲಗೈಯಲ್ಲಿ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿ ಓಡಿದ್ದ.

ಮೈದುನನ ಕಿವಿ ಬಿಸಿಯಾಯಿತು. ನಾಲಿಗೆ ಕಚ್ಚಿಕೊಂಡ. ಹೇಳಿಬಿಡಲೇ? ಹೇಳಬೇಕು, ನ್ಯಾಯ. ಆದರೆ ಏಳನೇ ತರಗತಿಯವರ ಮಾತು ಇನ್ನೂ ಗಾಳಿಯಲ್ಲಿ ಆರಿರಲಿಲ್ಲ. ಮೊದಲು ಸರಿಮಾಡಿ ಆಮೇಲೆ ಹೇಳಿದರಾಯಿತು ಎಂದುಕೊಂಡು ಫೋನಿನಲ್ಲಿ ಉಪಾಯ ಹುಡುಕಿದ. ಸಿಕ್ಕಿತು. ಒಂದೇ ಸಾಲಿನ ಆಜ್ಞೆ, ಶುಚಿಯಿಲ್ಲದ ಗುರುತನ್ನು ಅಳಿಸಿ ಬಲವಂತವಾಗಿ ಸರಿಮಾಡುವಂಥದ್ದು. 'ನನಗೆ ಕೆಲಸ ಮಾಡಿತು, ಧನ್ಯವಾದ' ಎಂದು ಕೆಳಗೆ ಮೂವತ್ತು ಜನ ಬರೆದಿದ್ದರು. ಮೂವತ್ತೊಂದನೆಯವನು ಮಾತ್ರ 'ನನ್ನದೆಲ್ಲ ಹೋಯಿತು' ಎಂದು ಬರೆದಿದ್ದ. ಮೈದುನ ಮೂವತ್ತು ಜನರ ಜೊತೆ ಹೋಗುವುದೆಂದು ತೀರ್ಮಾನಿಸಿ ಆ ಸಾಲನ್ನು ಕುಟ್ಟಿದ. ಕೊನೆಯ ಗುಂಡಿ ಒತ್ತುವುದೊಂದು ಬಾಕಿ.

"ಏನದು?" ಅತ್ತಿಗೆ ಟೀ ಲೋಟ ಹಿಡಿದು ಪಕ್ಕಕ್ಕೆ ಬಂದಿದ್ದರು.

"ರಿಪೇರಿ, ಅತ್ತಿಗೆ. ಒಂದು ನಿಮಿಷ."

"ಬಿಚ್ಚೋಕೆ ಮುಂಚೆ ಫೋಟೋ ತೆಗೆದ್ಯಾ?"

"ಹಾಂ?"

"ನಾನು ಎರಡು ಮುಳ್ಳಿನ ಅಲಾರಂ ಗಡಿಯಾರ ಬಿಚ್ಚೋಕೂ ಮುಂಚೆ ಫೋಟೋ ತೆಗೀತೀನಿ. ತಪ್ಪಿದ್ರೆ ಮತ್ತೆ ಇದ್ದ ಹಾಗೇ ಇಡೋಕೆ. ನೀನು ಇದರ ಒಳಗೆ ಕೈ ಹಾಕ್ತಿದ್ದೀಯ. ಕೆಟ್ಟರೆ ಮೊದಲಿನ ಹಾಗೆ ಇಡೋಕೆ ನಿನ್ನ ಹತ್ರ ಏನಿದೆ?"

ಏನೂ ಇರಲಿಲ್ಲ. ಇದ್ದದ್ದು ಇದೊಂದೇ ಪ್ರತಿ. ಲ್ಯಾಪ್‌ಟಾಪಿನ ಹಳೆಯ ಸಿಸ್ಟಮ್ಮು ಹೋಗಿತ್ತು. ಫೋನಿನಲ್ಲಿದ್ದವನ್ನು, 'ಜಾಗ ಆಗುತ್ತೆ' ಎಂದು, ಅವನೇ ಅಳಿಸಿ, ಅಳಿಸಿದ್ದು ಕೂತಿರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿಕೊಟ್ಟಿದ್ದ. ಮೈದುನ ಗುಂಡಿಯ ಮೇಲಿಂದ ಬೆರಳನ್ನು ನಿಧಾನಕ್ಕೆ ಎತ್ತಿ, ಕುಟ್ಟಿದ ಸಾಲನ್ನು ಒಂದೊಂದೇ ಅಕ್ಷರ ಅಳಿಸಿದ.

"ಸರಿ ಅತ್ತಿಗೆ. ಮೊದಲು ಮುಟ್ಟದೇ ನೋಡೋಣ." ಓದುವುದಕ್ಕೆ ಮಾತ್ರ, ಒಂದಕ್ಷರವನ್ನೂ ಬರೆಯಕೂಡದು ಎಂದು ಷರತ್ತು ಹಾಕಿ ಡ್ರೈವನ್ನು ಜೋಡಿಸಲು ಕೇಳಿದ. ಯಂತ್ರ ಕ್ಷಣ ಯೋಚಿಸಿತು. ಒಪ್ಪಿತು. ಕಿಟಕಿ ತೆರೆಯಿತು, ಫೋಲ್ಡರುಗಳು ಬಂದವು, 'ಮಾರುಕಟ್ಟೆ' ಎಂಬ ಫೋಲ್ಡರಿನೊಳಗೆ ಹಿತ್ತಾಳೆಯ ಬಣ್ಣದ ಪುಟ್ಟ ಪುಟ್ಟ ಚೌಕಗಳು ತುಂಬಿಕೊಂಡವು.

"ಅಬ್ಬ!" ಎಂದರು ಅತ್ತಿಗೆ. ಮೊದಲ ಸಲ ಭೂತಗನ್ನಡಿ ಕಣ್ಣಿಂದ ಇಳಿಯಿತು.

ಮೈದುನ ಎಲ್ಲವನ್ನೂ ಲ್ಯಾಪ್‌ಟಾಪಿಗೆ ನಕಲು ಮಾಡತೊಡಗಿದ. ನೂರು, ನೂರೈವತ್ತು, ಇನ್ನೂರು, ಇನ್ನೂರ ಒಂದು. ಅಲ್ಲಿಂದ ಮುಂದಕ್ಕೆ ದೂರುಗಳು ಬಂದವು. ಕೊನೆಯ ಹನ್ನೊಂದು ಚೌಕಗಳು ಬೂದಿ ಬಣ್ಣದಲ್ಲೇ ನಿಂತವು. ಹೆಸರಿದೆ, ತಾರೀಖಿದೆ, ಒಳಗೆ ಸೊನ್ನೆ.

"ಹನ್ನೊಂದು ತಾನೇ ಅತ್ತಿಗೆ," ಎಂದ ಅವನು, ದನಿ ಸಣ್ಣ ಮಾಡಿ. "ಇನ್ನೂರ ಒಂದು ಬಂದಿದೆ. ನೂರಕ್ಕೆ ತೊಂಬತ್ತೈದು. ನಮ್ಮ ಶಾಲೇಲಿ ಇದಕ್ಕೆ ಬಹುಮಾನ ಕೊಡ್ತಾರೆ."

"ಮೇಷ್ಟ್ರೇ. ಬಿಚ್ಚುವಾಗ ಕೊನೆಗೆ ತೆಗೆದದ್ದನ್ನ ಜೋಡಿಸುವಾಗ ಯಾವಾಗ ಹಾಕ್ಬೇಕು?"

ಗಣಿತದ ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಬೇಕಾಗಿರಲಿಲ್ಲ ಅಷ್ಟೆ. "ಮೊದಲು," ಎಂದ.

ಮೈದುನ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟ. "ಅತ್ತಿಗೆ, ಕಿತ್ತವನು ನಾನೇ. ಸೈಕಲ್ ಬಿತ್ತಲ್ಲ ಅವತ್ತು, ಆವಾಗ. ನೀವಲ್ಲ. ಆ ಹನ್ನೊಂದು ಬರೆಯೋಕೆ ಬಾಕಿ ಇದ್ದವು ಅಂತ ಕಾಣುತ್ತೆ. ನನ್ನಿಂದಲೇ ಹೋಗಿದ್ದು. ಫೋನಲ್ಲಿದ್ದದ್ದೂ ನಾನೇ ಅಳಿಸಿದ್ದು."

"ಗೊತ್ತು."

"ಗೊತ್ತಾ?"

"ಎದುರಿಗೇ ಕೂತಿದ್ನಲ್ಲೋ. ಡ್ರೈವು ನಿನ್ನ ಕೈಯಲ್ಲಿ ಬಾಲ ಅಲ್ಲಾಡಿಸ್ತಾ ಅರ್ಧ ಬೀದಿ ತನಕ ಹೋಗಿ ಬಂತು."

"ಮತ್ತೆ ನೀವೇ ಇರ್ಬೇಕು ಅಂದಾಗ ಯಾಕೆ ಸುಮ್ನಿದ್ರಿ?"

"ಏಳನೇ ತರಗತಿ ಮಕ್ಕಳ ಬುದ್ಧಿವಂತಿಕೆ ಬಗ್ಗೆ ಅಷ್ಟು ಚೆನ್ನಾಗಿ ಹೇಳ್ತಿದ್ದೆ. ಅಡ್ಡ ಬಾಯಿ ಹಾಕೋದು ಬೇಡ ಅನ್ನಿಸ್ತು." ಅವರ ತುಟಿ ಒಂದು ಕಡೆಗೆ ಎಳೆದಿತ್ತು. ಟೀ ಲೋಟವನ್ನು ಅವನ ಕೈಗಿಟ್ಟರು. "ಕುಡಿ. ಕುಡಿದು ಟಾರ್ಚ್ ತಗೋ. ಅವತ್ತು ಬಿಚ್ಚಿದ್ದನ್ನೆಲ್ಲ ನೋಡಿದ ಮೈದುನ ಇದ್ದಾನಲ್ಲ, ಫೋಟೋ ಯಾಕೆ."

ಆಮೇಲೆ ನಡೆದದ್ದನ್ನು ಮೈದುನ ಎಷ್ಟೋ ದಿನ ಹೇಳಿಕೊಂಡು ತಿರುಗಿದ. ಅದರಲ್ಲಿ ಲಿನಕ್ಸಿನ ಮಾತು ಬರುತ್ತಿರಲಿಲ್ಲ.

ಅತ್ತಿಗೆ ನೆಲದ ಮೇಲೆ ಮಂಡಿಯೂರಿ ಕೂತು, ಗಡಿಯಾರದ ಕಬ್ಬಿಣದ ಚೌಕಟ್ಟನ್ನು ಮುಂದಕ್ಕೆ ಎಳೆದುಕೊಂಡರು. ಒಂದೊಂದು ಭಾಗವನ್ನೂ ಎತ್ತಿ ಟಾರ್ಚಿನ ಬೆಳಕಿಗೆ ಹಿಡಿದು ತಿರುಗಿಸಿದರು. "ಇಲ್ಲಿ ನೋಡು, ಒಂದೇ ಕಡೆ ಸವೆದಿದೆ. ಈ ಮಗ್ಗುಲಲ್ಲಿ ಯಾರೋ ಇದಕ್ಕೆ ಉಜ್ಜಿದ್ದಾರೆ. ಯಾರು?" ಎನ್ನುತ್ತ ಹಾಸಿನ ಮೇಲೆ ಕಣ್ಣಾಡಿಸಿ ಇನ್ನೊಂದು ಚಕ್ರ ಎತ್ತಿಕೊಳ್ಳುವರು. ಅದರ ಅಂಚಿನಲ್ಲೂ ಅಷ್ಟೇ ಅಗಲದ ಹೊಳಪು. ಎರಡನ್ನೂ ತಾಗಿಸಿದರೆ ಬಹುದಿನದ ಗೆಳೆಯರಂತೆ ಕೂಡಿಕೊಳ್ಳುವವು. ಕೆಲವಕ್ಕೆ ಎಣ್ಣೆಯ ಕಲೆ ಗುರುತಾಯಿತು. ಒಂದು ಅಚ್ಚಿನ ಮೇಲೆ ಹಿಂದಿನ ಕಾಲದ ಯಾವನೋ ಕೆಲಸಗಾರ ಮೊಳೆಯಿಂದ ಎರಡು ಗೀರು ಎಳೆದಿಟ್ಟಿದ್ದ, ಚೌಕಟ್ಟಿನ ಒಂದು ತೂತಿನ ಪಕ್ಕದಲ್ಲೂ ಎರಡು ಗೀರಿದ್ದವು. "ನನ್ನ ಹಾಗೇ ಮರೆಗುಳಿ, ಪುಣ್ಯಾತ್ಮ," ಎಂದರು ಅತ್ತಿಗೆ. ಮೈದುನ ಟಾರ್ಚು ಹಿಡಿದ ಕೈ ಬದಲಿಸಲೂ ಮರೆತು ನೋಡುತ್ತಿದ್ದ. ಫೋಟೋ ಇಲ್ಲದ ಹನ್ನೊಂದು ಹೆಜ್ಜೆಗಳಲ್ಲಿ ಹತ್ತು ಮುಗಿಯುವಾಗ ಗಂಟೆ ಹನ್ನೊಂದೂವರೆ.

ಹನ್ನೊಂದನೆಯದು ಕೈಕೊಟ್ಟಿತು. ಗಂಟೆ ಹೊಡೆಯುವ ಭಾಗದ ಒಂದು ಸನ್ನೆ, ತುದಿಯಲ್ಲಿ ಕೊಕ್ಕೆ. ಎಷ್ಟು ಹೊಡೆಯಬೇಕೋ ಅಷ್ಟು ಹೊಡೆದ ಮೇಲೆ ಸಾಕು ಎಂದು ತಡೆಯುವುದು ಅದರ ಕೆಲಸ. ಅದನ್ನು ಹೀಗೂ ಹಾಕಬಹುದಿತ್ತು, ಹಾಗೂ ಹಾಕಬಹುದಿತ್ತು. ಎರಡೂ ಕಡೆ ಸವೆದಿತ್ತು.

"ನೀನು ಟಾರ್ಚ್ ಹಿಡಿದಿದ್ದೆ. ಕೊಕ್ಕೆ ಯಾವ ಕಡೆ ಇತ್ತು?"

ಮೈದುನ ಕಣ್ಣು ಮುಚ್ಚಿ ಜ್ಞಾಪಿಸಿಕೊಂಡ. "ಬಾಗಿಲ ಕಡೆ."

"ಖಂಡಿತಾನಾ?"

"ನೂರಕ್ಕೆ ನೂರು."

ಬಾಗಿಲ ಕಡೆ ಮುಖ ಮಾಡಿ ಹಾಕಿದರು. ಅಲ್ಲಿಂದ ಮುಂದೆ ಫೋಟೋಗಳಿದ್ದವು. ಮೈದುನ ಲ್ಯಾಪ್‌ಟಾಪ್ ಹಿಡಿದು ಕೊನೆಯಿಂದ ಮೊದಲಿಗೆ ಒಂದೊಂದೇ ತೋರಿಸುತ್ತ ಬಂದ. ಎಷ್ಟೋ ಫೋಟೋಗಳಲ್ಲಿ ಅರ್ಧ ಜಾಗ ಅತ್ತಿಗೆಯ ಹೆಬ್ಬೆರಳೇ ತುಂಬಿತ್ತು. "ಇದು ಯಾವ ಭಾಗ ಅತ್ತಿಗೆ, ಉಗುರಿದೆಯಲ್ಲ?" ಎಂದು ಕೇಳಿ ಅವನು ಸ್ವಲ್ಪ ಬಡ್ಡಿ ವಸೂಲಿ ಮಾಡಿಕೊಂಡ. ಕೆಲಸ ಸರಸರ ಸಾಗಿತು. ಎರಡು ಗಂಟೆಗೆ ಕೊನೆಯ ತಿರುಪು ಬಿಗಿಯಿತು.

ಮೇಲೇರಿಸುವ ಮುಂಚೆ ಪರೀಕ್ಷೆಯಾಗಬೇಕಲ್ಲ. ಈ ಗಡಿಯಾರ ನಡೆಯುವುದು ಹಗ್ಗಕ್ಕೆ ಕಟ್ಟಿದ ಭಾರದಿಂದ, ಭಾರಗಳು ಗೋಪುರದಲ್ಲೇ ಇದ್ದವು. ಅತ್ತಿಗೆ ಹಗ್ಗವನ್ನು ಸೂರಿನ ತೊಲೆಯ ಮೇಲಿಂದ ಹಾಯಿಸಿ ತುದಿಯನ್ನು ಮೈದುನನ ಕೈಗೆ ಕೊಟ್ಟರು. "ನೇತಾಡು. ನಿನ್ನ ಮೈಭಾರಕ್ಕೆ ಇವತ್ತಾದ್ರೂ ಒಂದು ಕೆಲಸ ಸಿಕ್ತು." ಗಂಟೆಯ ಬದಲಿಗೆ ಟೀ ಪಾತ್ರೆಯ ಮುಚ್ಚಳವನ್ನು ತಂತಿಯಲ್ಲಿ ತೂಗುಹಾಕಿ, ಮುಳ್ಳುಗಳ ಅಚ್ಚನ್ನು ಬೆರಳಿನಿಂದ ಮೂರು ಗಂಟೆಗೆ ತಿರುಗಿಸಿದರು.

ಢಣ್. ಢಣ್. ಢಣ್.

ಮೈದುನ ನಗಲು ಬಾಯಿ ತೆರೆದ. ಢಣ್, ಎಂದಿತು ಮುಚ್ಚಳ. ಢಣ್. ಢಣ್. ಏಳು, ಎಂಟು, ಹನ್ನೆರಡು. ಹನ್ನೆರಡಕ್ಕೂ ನಿಲ್ಲಲಿಲ್ಲ. ಹದಿನೈದರ ಹೊತ್ತಿಗೆ ಪಕ್ಕದ ಟೈಲರ್ ಹೊರಗೆ ಬಂದ. ಇಪ್ಪತ್ತಕ್ಕೆ ಎದುರಿನ ಔಷಧಿ ಅಂಗಡಿಯವರು. ಮೈದುನ ಏನು ಮಾಡುವುದೆಂದು ತಿಳಿಯದೆ ಇನ್ನಷ್ಟು ಬಿಗಿಯಾಗಿ ಹಗ್ಗ ಜಗ್ಗಿದ. ಗಡಿಯಾರ ಇನ್ನಷ್ಟು ಹುರುಪಿನಿಂದ ಹೊಡೆಯಿತು.

"ಅಕ್ಕಾ," ಎಂದು ಟೈಲರ್ ಬಾಗಿಲಿಂದ ಕೂಗಿದ, "ಇಪ್ಪತ್ತೇಳು ಗಂಟೆ ಆಯ್ತಲ್ಲ, ಅಂಗಡಿ ಮುಚ್ಚೋದಾ?"

"ಬಿಡೋ ಹಗ್ಗಾನ!" ಅತ್ತಿಗೆ ಅರಚಿದರು. ಬಿಟ್ಟ. ನಿಂತಿತು. ಅತ್ತಿಗೆ ಹಾಸಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನೂರಕ್ಕೆ ನೂರು," ಎಂದು ಒಂದು ಸಲ ಹೇಳುವುದು, ನಗುವುದು, ಮತ್ತೆ ಹೇಳುವುದು. ಮೈದುನನೂ ಗೋಡೆಗೊರಗಿ ನಕ್ಕ. ಟಾರ್ಚ್ ಹಿಡಿದಾಗ ತಾನು ಚೌಕಟ್ಟಿನ ಆಚೆ ಬದಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಕೊಕ್ಕೆ ಇದ್ದದ್ದು ಅವನ ಎದುರಿಗೆ, ಆದರೆ ಎದುರಿಗಿದ್ದದ್ದು ಬಾಗಿಲಲ್ಲ, ಗೋಡೆ.

ಕೊಕ್ಕೆ ತಿರುಗಿಸಲು ಆರು ತಿರುಪು ಮತ್ತೆ ಬಿಚ್ಚಬೇಕಾಯಿತು. ಈ ಸಲ ಮೈದುನ ಯಾರೂ ಹೇಳದೆಯೇ ಫೋನ್ ತೆಗೆದು ಪ್ರತಿಯೊಂದಕ್ಕೂ ಒಂದೊಂದು ಫೋಟೋ ಹೊಡೆದುಕೊಂಡ. ಮೂರಕ್ಕೆ ತಿರುಗಿಸಿದಾಗ ಮುಚ್ಚಳ ಮೂರೇ ಸಲ ಮಾತಾಡಿತು. ನಾಲ್ಕಕ್ಕೆ ನಾಲ್ಕು. ಟೈಲರ್ ಹೊರಗಿನಿಂದ ಚಪ್ಪಾಳೆ ತಟ್ಟಿದ.

ಹೊರುವವರು ಬರಲು ಇನ್ನೂ ಹದಿನೈದು ನಿಮಿಷವಿತ್ತು. ಅಷ್ಟರಲ್ಲಿ ಮೈದುನ ತನ್ನ ಚೀಲದಲ್ಲಿದ್ದ ಪೆನ್‌ಡ್ರೈವಿಗೂ ಫೋಟೋಗಳನ್ನೆಲ್ಲ ನಕಲು ಮಾಡಿ, ಎರಡು ಕಡೆ ಇರುವುದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಆ ಬಲವಂತದ ರಿಪೇರಿಯ ಆಜ್ಞೆ ಕೊಟ್ಟ. ಹನ್ನೊಂದು ಸೊನ್ನೆಗಳು ಸೊನ್ನೆಗಳಾಗಿಯೇ ಉಳಿದವು, ಉಳಿದಂತೆ ಡ್ರೈವು ಶುಚಿಯಾಯಿತು. ಆಮೇಲೆ 'ಸುರಕ್ಷಿತವಾಗಿ ತೆಗೆಯಿರಿ' ಎಂಬುದನ್ನು ಒತ್ತಿ, 'ಈಗ ತೆಗೆಯಬಹುದು' ಎಂಬ ಮಾತು ಬರುವ ತನಕ ಕೈ ಕಟ್ಟಿ ಕೂತ. ಅತ್ತಿಗೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಈ ಲಿನಕ್ಸ್ ಕೆಟ್ಟದ್ದೇನಲ್ಲ ಕಣೋ," ಎಂದರು. "ಕೆಟ್ಟರೂ ಯಾಕೆ ಕೆಟ್ಟೆ ಅಂತ ಹೇಳುತ್ತೆ. ಹೇಳೋದನ್ನ ಕೇಳೋ ತಾಳ್ಮೆ ಇರೋರು ಕೂತ್ಕೋಬೇಕು ಅಷ್ಟೆ."

ಅದು ಹೊಗಳಿಕೆಯೋ ಕಾಲೆಳೆತವೋ ಎಂದು ಮೈದುನ ಯೋಚಿಸುವಷ್ಟರಲ್ಲಿ ಹೊರುವವರು ಬಂದರು.

ನಾಲ್ಕು ಗಂಟೆಗೆ ಹತ್ತು ನಿಮಿಷವಿರುವಾಗ ಯಂತ್ರ ಗೋಪುರದ ಕೋಣೆ ಸೇರಿತು. ಮೇಸ್ತ್ರಿ ಸಾರುವೆಯ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ, ಮೀಸೆಯ ಮೇಲೆಲ್ಲ ಸುಣ್ಣದ ಪುಡಿ. ಅತ್ತಿಗೆ ಒಳಗಿನಿಂದ ಹಗ್ಗ, ಭಾರ, ಲೋಲಕ ಎಲ್ಲ ಸೇರಿಸಿದರು. ಹೊರಗಿನಿಂದ ಮುಳ್ಳು ಕೂರಿಸಲು ಸಾರುವೆ ಹತ್ತಿದವನು ಮೈದುನ. ಬೆಳಿಗ್ಗೆಯಿಂದ ತಿಂದ ಪೆಟ್ಟಿಗೆ ಹೋಲಿಸಿದರೆ ಈ ಎತ್ತರ ದೊಡ್ಡದಲ್ಲ ಎಂದುಕೊಂಡು ಕೆಳಗೆ ನೋಡದೆ ಹತ್ತಿದ. ಮುಖಫಲಕದ ನಡುವಿನ ತೂತಿನಿಂದ ಅತ್ತಿಗೆಯ ದನಿ ಬಂತು. "ದೊಡ್ಡ ಮುಳ್ಳು ಮೇಲೆ, ಚಿಕ್ಕದು ಕೆಳಗೆ. ಅದಲು ಬದಲು ಮಾಡ್ಬೇಡ್ರೀ ಮೇಷ್ಟ್ರೇ."

ಲೋಲಕ ತೂಗಿತು. ಮೂರು ವರ್ಷ ಏಳೂಕಾಲಿಗೆ ನಿಂತಿದ್ದ ಮುಖದ ಮೇಲೆ ದೊಡ್ಡ ಮುಳ್ಳು ಮೊದಲ ಸಲ ಅಲುಗಿತು. ಕೆಳಗೆ ಅಂಗಡಿಯವರು ತಲೆಯೆತ್ತಿ ತಮ್ಮ ತಮ್ಮ ಕೈಗಡಿಯಾರ, ಫೋನುಗಳ ಜೊತೆ ತಾಳೆ ನೋಡಿಕೊಂಡರು.

ಐದಕ್ಕೆ ಸರಿಯಾಗಿ ಗೋಪುರ ಐದು ಸಲ ಹೊಡೆಯಿತು. ಐದೇ. ಎಣಿಸುತ್ತ ನಿಂತಿದ್ದ ಮೈದುನ ಉಸಿರು ಬಿಟ್ಟ. ಅದೇ ಕ್ಷಣ ಸಾರುವೆಯ ಮೇಲೆ ಕೊನೆಯ ಕೈ ಬಣ್ಣ ಬಳಿಯುತ್ತಿದ್ದ ಏಳು ಜನ ಪೇಂಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬ್ರಷ್ಷುಗಳನ್ನು ಡಬ್ಬಿಯಲ್ಲಿ ನೆನೆಹಾಕಿ, ಸಾಲಾಗಿ ಇಳಿಯತೊಡಗಿದರು.

"ಏಯ್, ಎಲ್ಲಿಗೆ? ಆ ಮೂಲೆ ಬಾಕಿ ಇದೆ!" ಮೇಸ್ತ್ರಿ ಕೂಗಿದ.

"ಐದಾಯ್ತು ಮೇಸ್ತ್ರಿ. ಕೇಳಿಸ್ಲಿಲ್ವಾ?"

ಮೇಸ್ತ್ರಿ ಗೋಪುರದ ಮೆಟ್ಟಿಲಿಳಿದು ಬರುತ್ತಿದ್ದ ಅತ್ತಿಗೆಯ ಕಡೆ ತಿರುಗಿದ. "ಏನಮ್ಮ ಇದು! ತಿಂಗಳಿಂದ ನಾನು ಹೇಳಿದ್ದೇ ಇವರಿಗೆ ಟೈಮು. ನಾನು ಐದು ಅಂದಾಗ ಐದು. ಒಂದು ಅರ್ಧ ಗಂಟೆ ತಡವಾಗಿ ರಿಪೇರಿ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಮಾಡ್ತಿದ್ದೆ ಮೇಸ್ತ್ರಿ," ಎಂದರು ಅತ್ತಿಗೆ, ಕೈಗಂಟಿದ ಎಣ್ಣೆ ಒರೆಸಿಕೊಳ್ಳುತ್ತ, "ಇವನು ತುಂಬಾ ಚುರುಕು. ಬಿಡ್ಲಿಲ್ಲ."

ಮೈದುನ ಒಂದು ಬ್ರಷ್ಷು ಎತ್ತಿಕೊಂಡು, ಬಾಕಿಯಿದ್ದ ಮೂಲೆ ಯಾವುದು ತೋರಿಸಿ ಎಂದು ಮೇಸ್ತ್ರಿಯನ್ನು ಕೇಳಿದ.